ಎಂಜಿನ್ ದೀಪದ ಹಿಂದಿನ ಚರಿತ್ರೆ



ಈ ದೇಶದಲ್ಲಿ ಕಾರಿಲ್ಲದ ನಮ್ಮ ಮನೆಗಳು ವಿರಳ. ಅದರ ಫಲಕದಲ್ಲಿ ಎಂಜಿನ್ ದೀಪ ಹೊತ್ತಿಕೊಂಡಾಗ ಮೂಡುವ ಅಳುಕೂ, ಗ್ಯಾರೇಜಿನ ಬಿಲ್ಲಿನ ಚಿಂತೆಯೂ ಎಲ್ಲರಿಗೂ ಪರಿಚಿತವೇ. ಆ ದೀಪ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಎಂಜಿನ್ನಿನ ಗಾಳಿಯ ತಾಪವನ್ನು ಅಳೆಯುವ ಒಂದು ಸಣ್ಣ ಸೆನ್ಸರಿನ ಮೂಲಕ ನಿವೇದಿಸಬಯಸುತ್ತೇನೆ.

1833ರಲ್ಲಿ ಮೈಕೇಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಒಂದು ವಿಚಿತ್ರ ಗುಣವನ್ನು ಕಂಡರು. ಲೋಹಗಳು ಕಾದಷ್ಟೂ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತವೆ. ಇದಾದರೋ ಕಾದಂತೆಲ್ಲ ಹೆಚ್ಚು ಹರಿಯಗೊಡುತ್ತಿತ್ತು. ಇಂದಿನ ಸೆನ್ಸರಿನೊಳಗಿರುವ ಥರ್ಮಿಸ್ಟರಿನ ಗುಣವೂ ಇದೇ.

ಅದು ಕಾರಿಗೆ ಬರಲು ಹೊಗೆಯೂ ಒಂದು ಕಾರಣ. 1950ರ ದಶಕದ ಆರಂಭದಲ್ಲಿ ಹಾಗನ್-ಸ್ಮಿತ್ ಎಂಬ ವಿಜ್ಞಾನಿ, ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬಿಗೆ ಕಾರುಗಳ ಹೊಗೆಯೂ ಕಾರಣವೆಂದು ತೋರಿಸಿದರು. ಹೊಗೆ ತಗ್ಗಬೇಕಾದರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲು ಬೆರೆಯಬೇಕು. ತಣ್ಣನೆಯ ಗಾಳಿ ಸಾಂದ್ರವಾದ್ದರಿಂದ ಅದಕ್ಕೆ ಹೆಚ್ಚು ಪೆಟ್ರೋಲು ಬೇಕು. ಆದುದರಿಂದ ತಾಪವನ್ನು ಅಳೆಯಲೇಬೇಕು. 1967ರಲ್ಲಿ ಜರ್ಮನಿಯ ಬಾಷ್ ಕಂಪನಿ ಹೊರತಂದ ಡಿ-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಇಂತಹ ಸೆನ್ಸರ್ ಇತ್ತು. ಆಗ ದೋಷ ಹುಡುಕಲು ಮೆಕ್ಯಾನಿಕ್ ಮೀಟರು ಹಿಡಿದು ಒಂದೊಂದೇ ತಂತಿಯನ್ನು ಪರೀಕ್ಷಿಸಬೇಕಿತ್ತು.

ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ದೀಪ ಹೊತ್ತಿಸಬೇಕೆಂಬ ನಿಯಮವನ್ನು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಜಾರಿಗೆ ತಂದಿತು. ಆದರೆ ಕಂಪನಿಗೊಂದು ಸಂಕೇತ! 1996ರ ಮಾದರಿಗಳಿಂದ ಅಮೆರಿಕದಾದ್ಯಂತ ಸಂಕೇತಗಳೂ ಪ್ಲಗ್ಗೂ ಏಕರೂಪವಾದವು.

ಅವುಗಳಲ್ಲಿ ಪಿ0113 ಎಂಬುದನ್ನು ನೋಡೋಣ. ಗಾಳಿ-ತಾಪದ ಸರ್ಕ್ಯೂಟಿನಲ್ಲಿ ವೋಲ್ಟೇಜು ಅತಿಯಾಗಿದೆ ಎಂದಷ್ಟೇ ಇದರ ಅರ್ಥ. ಸೆನ್ಸರ್ ಕೆಟ್ಟಿದೆ ಎಂದಲ್ಲ. ಕಂಪ್ಯೂಟರು 5 ವೋಲ್ಟನ್ನು ಕಳುಹಿಸುತ್ತದೆ. ತಂತಿ ಕಡಿದರೆ ಆ ವೋಲ್ಟೇಜು ಇಳಿಯದೆ ಉಳಿಯುತ್ತದೆ. ಆಗ ಸುಡುಬೇಸಗೆಯಲ್ಲೂ ಗಾಳಿ ಮೈನಸ್ 40 ಡಿಗ್ರಿ ಇದೆಯೆಂದು ಕಂಪ್ಯೂಟರು ಭ್ರಮಿಸುತ್ತದೆ.

ದೋಷ ಎಲ್ಲಿದೆಯೆಂದು ತಿಳಿಯಲು ಎರಡು ತಂತಿಯ ಸೆನ್ಸರುಗಳಲ್ಲಿ ಸರಳ ಪರೀಕ್ಷೆಯಿದೆ. ಸೆನ್ಸರಿನ ಪ್ಲಗ್ಗನ್ನು ಕಳಚಿ, ಅದರ ಎರಡು ತುದಿಗಳನ್ನು ತುಂಡು ತಂತಿಯಿಂದ ಸೇರಿಸಬೇಕು. ಸ್ಕ್ಯಾನರಿನಲ್ಲಿ ತಾಪ ಒಮ್ಮೆಲೇ ವಿಪರೀತ ಏರಿದರೆ ತಂತಿಯೂ ಕಂಪ್ಯೂಟರೂ ಸರಿಯಾಗಿವೆ. ದೋಷ ಸೆನ್ಸರಿನದು ಅಥವಾ ಅದರ ಸಂಪರ್ಕದ್ದು. ಮೈನಸ್ 40 ಕದಲದಿದ್ದರೆ ಹೊಸ ಸೆನ್ಸರ್ ಹಾಕಿ ಫಲವಿಲ್ಲ, ತಂತಿಯನ್ನೇ ಹುಡುಕಬೇಕು. ಹಲವು ಕಾರುಗಳಲ್ಲಿ ಈ ಸೆನ್ಸರ್ ಗಾಳಿಯ ಮೀಟರಿನೊಳಗೇ ಇದ್ದು ತಂತಿಗಳು ಹೆಚ್ಚಿರುತ್ತವೆ; ಕೈಪಿಡಿ ನೋಡದೆ ಅಲ್ಲಿ ಕೈಹಾಕಬಾರದು.

ದೀಪ ಬಂದಿತೆಂದು ಮೀಟರು ಹಿಡಿಯುವ ಹಳೆಯ ವಿದ್ಯೆ ಅನಾವಶ್ಯಕವಾಗಲಿಲ್ಲ. "ಸೆನ್ಸರ್ ಬದಲಿಸಬೇಕು" ಎಂದು ಗ್ಯಾರೇಜಿನಲ್ಲಿ ಹೇಳಿದಾಗ, "ತಂತಿಯನ್ನು ಪರೀಕ್ಷಿಸಿದಿರಾ?" ಎಂದು ವಿನಯದಿಂದಲೇ ಕೇಳಿರಿ. ಆ ಒಂದು ಪ್ರಶ್ನೆ ನಿಮ್ಮ ಹಣವನ್ನು ಉಳಿಸೀತು.