ಬರೆಯದೆ ಬಿಟ್ಟ ಸ್ವರಗಳು

1829ರ ಮಾರ್ಚ್ 11ರಂದು ಇಪ್ಪತ್ತು ವರ್ಷದ ಫೆಲಿಕ್ಸ್ ಮೆಂಡೆಲ್ಸನ್ ಬರ್ಲಿನ್ನಿನ ಸಿಂಗ್ ಅಕಾಡೆಮಿಯಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ ಕೃತಿಯನ್ನು ಮತ್ತೆ ಕೇಳಿಸಿದ. ಬಾಖ್ ತೀರಿಕೊಂಡು ಎಂಬತ್ತು ವರ್ಷ ತುಂಬುತ್ತ ಬಂದಿತ್ತು. ಕೃತಿಯನ್ನು ಉಳಿಸಿದ ಈ ಕಚೇರಿ ಅದನ್ನು ಬದಲಿಸಿಯೂ ಬಿಟ್ಟಿತು. ಒಂಟಿ ಕಂಠದ ಹಾಡುಗಳಲ್ಲಿ ಹಲವನ್ನು ಮೆಂಡೆಲ್ಸನ್ ಕೈಬಿಟ್ಟ. ಅಷ್ಟರಲ್ಲಿ ಬಳಕೆ ತಪ್ಪಿದ್ದ ಓಬೋ ಜಾತಿಯ ವಾದ್ಯಗಳ ಪಾಲನ್ನು ಕ್ಲಾರಿನೆಟ್ಟಿಗೆ ಒಪ್ಪಿಸಿದ. ನೂರೈವತ್ತರಷ್ಟು ಗಾಯಕರನ್ನು ನಿಲ್ಲಿಸಿದ. ಬಾಖ್ 1730ರಲ್ಲಿ ಲೈಪ್ಜಿಗ್ ನಗರಸಭೆಗೆ ಬರೆದ ಮನವಿಯಲ್ಲಿ ಕೇಳಿದ್ದು ಒಂದು ಗಾಯನ ಮೇಳಕ್ಕೆ 12ರಿಂದ 16 ಜನ, ವಾದ್ಯಕ್ಕೆ 18ರಿಂದ 20 ಜನ. ಇಂಗ್ಲೆಂಡಿನಲ್ಲಿ ಹ್ಯಾಂಡೆಲ್‌ನ ಗತಿಯೂ ಇದೇ ಆಯಿತು. 1742ರಲ್ಲಿ ಡಬ್ಲಿನ್ನಿನಲ್ಲಿ ಸಣ್ಣ ಮೇಳವೊಂದು ಹಾಡಿದ್ದ ‘ಮೆಸ್ಸಾಯ’ವನ್ನು 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಐನೂರಕ್ಕೂ ಹೆಚ್ಚು ಜನ ಸೇರಿ ಪ್ರಸ್ತುತಪಡಿಸಿದರು, 1859ರ ಕ್ರಿಸ್ಟಲ್ ಪ್ಯಾಲೇಸ್ ಉತ್ಸವದಲ್ಲಿ ಗಾಯಕರ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಇದರಲ್ಲಿ ಅಪಚಾರವಿದೆಯೆಂದು ಹೆಚ್ಚಿನವರಿಗೆ ಅನ್ನಿಸಲಿಲ್ಲ. ವಾದ್ಯಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ, ಇವು ಸಿಕ್ಕಿದ್ದರೆ ಬಾಖ್‌ನೂ ಹಿಗ್ಗುತ್ತಿದ್ದ ಎಂಬುದು ಆ ಶತಮಾನದ ನಂಬಿಕೆ.

ಆ ನಂಬಿಕೆಗೆ ಎದುರಾಗಿ ಹುಟ್ಟಿದ್ದು, ಕೃತಿಯ ಕಾಲದ ವಾದ್ಯಗಳಲ್ಲೇ ಕೃತಿಯನ್ನು ನುಡಿಸಬೇಕೆಂಬ ಚಳವಳಿ. ಇಂಗ್ಲೆಂಡಿನಲ್ಲಿ ನೆಲೆಸಿದ ಆರ್ನಾಲ್ಡ್ ಡಾಲ್ಮೆಚ್ ಹಳೆಯ ವಾದ್ಯಗಳನ್ನು ದುರಸ್ತಿ ಮಾಡಿದರು, ಹೊಸದಾಗಿ ಕಟ್ಟಿದರು, 17 ಮತ್ತು 18ನೇ ಶತಮಾನಗಳ ಸಂಗೀತವನ್ನು ಅರ್ಥೈಸುವ ಬಗೆಯನ್ನು ಕುರಿತು 1915ರಲ್ಲಿ ಪುಸ್ತಕ ಬರೆದರು. ಬಾಸೆಲ್ ನಗರದಲ್ಲಿ 1933ರಲ್ಲಿ ಹಳೆಯ ಸಂಗೀತಕ್ಕೆಂದೇ ಒಂದು ಶಾಲೆ ಆರಂಭವಾಯಿತು. 1953ರಲ್ಲಿ ವಿಯೆನ್ನಾ ಸಿಂಫನಿಯ ಚೆಲ್ಲೋ ವಾದಕ ನಿಕೋಲಾಸ್ ಹಾರ್ನೊನ್‌ಕೂರ್ ಮತ್ತು ಪಿಟೀಲು ವಾದಕಿ ಆಲಿಸ್ ಹಾರ್ನೊನ್‌ಕೂರ್ ಗೆಳೆಯರನ್ನು ಕೂಡಿಸಿಕೊಂಡು ‘ಕಾನ್ಸೆಂಟಸ್ ಮ್ಯೂಸಿಕಸ್’ ಎಂಬ ವಾದ್ಯವೃಂದ ಕಟ್ಟಿದರು. ಅದರ ಮೊದಲ ಸಾರ್ವಜನಿಕ ಕಚೇರಿ ನಡೆದದ್ದು 1957ರಲ್ಲಿ. 1970ರ ದಶಕದಲ್ಲಿ ಲಂಡನ್ನಿನ ಮೇಳಗಳು ಬಂದವು, 1987ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವೃಂದ, 1990ರಲ್ಲಿ ಜಪಾನಿನ ಬಾಖ್ ಕೊಲೀಜಿಯಂ. ಅಂದು ಕೇಳಿಸಿದ್ದನ್ನೇ ಇಂದು ಕೇಳಿಸುತ್ತೇವೆ ಎಂಬ ಮಾತು ಈ ಚಳವಳಿಯ ಬಾವುಟವಾಯಿತು. ನನ್ನ ಲೆಕ್ಕದಲ್ಲಿ ಆ ಮಾತೇ ಅದರ ಅತಿ ದುರ್ಬಲ ಭಾಗ. ಚಳವಳಿಯ ನಿಜವಾದ ಗಳಿಕೆ ಬೇರೆ: ವಾಗ್ಗೇಯಕಾರ ಬರೆಯದೆ ಬಿಟ್ಟಿದ್ದ, ವಾದಕನೇ ತುಂಬಬೇಕಾಗಿದ್ದ ಕೆಲಸವನ್ನು ಅದು ವಾದಕನಿಗೆ ಹಿಂದಿರುಗಿಸಿತು. ಹಳೆಯ ವಾದ್ಯ ಆ ಕೆಲಸವನ್ನು ಕಲಿಸಿದ ಮೇಷ್ಟ್ರು.

ಪಿಟೀಲನ್ನೇ ನೋಡೋಣ. ಇಂದು ಕಚೇರಿಗಳಲ್ಲಿ ನುಡಿಯುವ ಸ್ಟ್ರಾಡಿವೇರಿಯಸ್ ಪಿಟೀಲುಗಳು ಬಹುಪಾಲು ಅವುಗಳನ್ನು ಮಾಡಿದವನ ಕೈಯಿಂದ ಹೊರಬಂದ ರೂಪದಲ್ಲಿಲ್ಲ. 1800ರ ಆಸುಪಾಸಿನಿಂದ ಅವುಗಳ ಕುತ್ತಿಗೆಯನ್ನು ಉದ್ದ ಮಾಡಿ ಹಿಂದಕ್ಕೆ ಬಾಗಿಸಿದರು. ಬೆರಳಾಡುವ ಪಟ್ಟಿಯನ್ನು ಚಾಚಿದರು. ಬಿಗಿಯಾದ ತಂತಿಯ ಒತ್ತಡ ತಾಳುವಂತೆ ಒಳಗಿನ ಮರದ ಆಧಾರವನ್ನು ದಪ್ಪಗೊಳಿಸಿದರು. ದೊಡ್ಡ ಸಭಾಂಗಣಕ್ಕೆ ದೊಡ್ಡ ದನಿ ಬೇಕಾಗಿತ್ತು. ಕಮಾನು ಇನ್ನೂ ಹೆಚ್ಚು ಬದಲಾಯಿತು. ಪ್ಯಾರಿಸ್ಸಿನ ಫ್ರಾಂಸ್ವಾ ತೂರ್ತ್ 1780ರ ದಶಕದಲ್ಲಿ ರೂಪಿಸಿದ ಕಮಾನಿನ ಕಡ್ಡಿ ಒಳಮುಖವಾಗಿ ಬಾಗಿದೆ, ಅದರ ತುದಿಗೂ ತೂಕವಿದೆ; ಬುಡದಿಂದ ತುದಿಯವರೆಗೆ ಒಂದೇ ಸಮನೆ ನಾದವನ್ನು ಎಳೆಯುವುದೇ ಅದರ ಗುಣ. ಅದಕ್ಕೂ ಹಿಂದಿನ, ಎಂದರೆ ಬಾಖ್‌ನ ಕಾಲದ, ಬರೋಕ್ ಕಮಾನು ಹಗುರ, ತುದಿ ಚೂಪು. ತುದಿಗೆ ಸಾಗಿದಂತೆ ದನಿ ತಾನಾಗಿ ಕರಗುತ್ತದೆ. ಕೆಳಗೆಳೆದ ಸ್ವರಕ್ಕೆ ತೂಕ, ಮೇಲೆ ದೂಡಿದ ಸ್ವರಕ್ಕೆ ಹಗುರತನ. ಗುರು ಮತ್ತು ಲಘು ಅಕ್ಷರಗಳ ಹಾಗೆ ಸ್ವರಗಳು ಬೇರೆಬೇರೆಯಾಗಿ ಉಚ್ಚರಿಸಲ್ಪಡುತ್ತವೆ. ಕುರಿಯ ಕರುಳಿನಿಂದ ಹೊಸೆದ ತಂತಿ ಈ ಉಚ್ಚಾರಕ್ಕೆ ವ್ಯಂಜನದಂಥ ಒಂದು ಮೊನೆ ಕೊಡುತ್ತದೆ. ಲಿಯೋಪೋಲ್ಡ್ ಮೊಟ್ಸಾರ್ಟ್ 1756ರ ತನ್ನ ಪಿಟೀಲು ಪಾಠದಲ್ಲಿ, ಎಷ್ಟೇ ಗಟ್ಟಿಯಾಗಿ ಹಿಡಿದ ಸ್ವರಕ್ಕೂ ಆರಂಭದಲ್ಲಿ ಒಂದು ಸಣ್ಣ ಮೃದುತ್ವ ಇರಲೇಬೇಕೆಂದು ಹೇಳುವುದು ಇಂಥ ಕಮಾನು ಹಿಡಿದ ಕೈಗೆ ಸಹಜವಾಗಿ ಅರ್ಥವಾಗುತ್ತದೆ. ಉದ್ದದ ಅಖಂಡ ಗೆರೆಯಂತೆ ರಾಗ ಎಳೆಯುವ 19ನೇ ಶತಮಾನದ ರೂಢಿಗೆ ಹಳೆಯ ಕಮಾನು ಸುಲಭವಾಗಿ ಒಗ್ಗುವುದಿಲ್ಲ. ಆಗ ವಾದಕ ಇನ್ನೊಂದು ದಾರಿ ಹುಡುಕಲೇಬೇಕು.

ಏಕವಾದಕರಿಗೂ ವೃಂದಕ್ಕೂ ನಡುವಿನ ತೂಕ ಎಷ್ಟು ಬದಲಾಗಿತ್ತು ಎಂಬುದಕ್ಕೆ ಬಾಖ್ 1721ರಲ್ಲಿ ಅರ್ಪಿಸಿದ ಬ್ರಾಂಡೆನ್‌ಬುರ್ಗ್ ಕನ್ಸರ್ಟೊಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಎರಡನೆಯ ಕನ್ಸರ್ಟೊದಲ್ಲಿ ಏಕವಾದಕರು ನಾಲ್ವರು: ಟ್ರಂಪೆಟ್, ರೆಕಾರ್ಡರ್ ಕೊಳಲು, ಓಬೋ, ಪಿಟೀಲು. ಆಧುನಿಕ ಟ್ರಂಪೆಟ್ಟಿನ ಪಕ್ಕದಲ್ಲಿ ಮರದ ಪುಟ್ಟ ರೆಕಾರ್ಡರನ್ನು ನಿಲ್ಲಿಸಿದರೆ ಅದು ಸಂತೆಯಲ್ಲಿ ಪಿಸುಗುಟ್ಟಿದಂತೆ. ಹಾಗಾಗಿ ಇದು ಕಾಗದದ ಮೇಲಷ್ಟೇ ಸರಿಯಿರುವ ಲೆಕ್ಕಾಚಾರ ಎಂದು ಭಾವಿಸಲು ಅವಕಾಶವಿತ್ತು. ಬಾಖ್‌ನ ಕಾಲದ ಟ್ರಂಪೆಟ್ಟಿಗೆ ಕವಾಟಗಳಿರಲಿಲ್ಲ. ಅವು ಬಂದದ್ದು 1810ರ ದಶಕದಲ್ಲಿ. ಉದ್ದನೆಯ ಬರಿ ಕೊಳವೆ, ಅದರಲ್ಲಿ ಪ್ರಕೃತಿ ಕೊಟ್ಟ ಸ್ವರಶ್ರೇಣಿ, ಮೇಲ್ಸ್ಥಾಯಿಗೆ ಹೋದಂತೆ ತೆಳುವಾಗುವ, ಹಾಡಿನಂಥ ದನಿ. ಅಂಥ ವಾದ್ಯ ಕೈಗೆ ಬಂದಾಗ ನಾಲ್ವರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳಬಲ್ಲ ಸಂಭಾಷಣೆ ಸಾಧ್ಯವಾಯಿತು. ಐದನೆಯ ಕನ್ಸರ್ಟೊದಲ್ಲಿ ಹಾರ್ಪ್ಸಿಕಾರ್ಡ್ ಜೊತೆಗಾರನ ಪಾತ್ರದಿಂದ ಎದ್ದು ಬಂದು 65 ಮಾತ್ರಾಗಣಗಳಷ್ಟು ಕಾಲ ಒಂಟಿಯಾಗಿ ನುಡಿಯುತ್ತದೆ. ಸುತ್ತಲಿನ ತಂತಿಗಳು ಕರುಳಿನವಾಗಿ, ಕೈಬೆರಳೆಣಿಕೆಯಷ್ಟೇ ಇದ್ದಾಗ ಆ ಏಳುವಿಕೆಯ ಬೆರಗು ಕಿವಿಗೆ ತಾಗುತ್ತದೆ. ಅಂದರೆ, ಯಾರು ಮುಂದು, ಯಾರು ಹಿಂದು ಎಂಬ ಬಾಖ್‌ನ ವಾದವೇ ವಾದ್ಯದ ಮೈಕಟ್ಟಿನಲ್ಲಿ ಅಡಗಿತ್ತು.

ಆದರೆ ದನಿಗಿಂತ ದೊಡ್ಡದು ಹೊಣೆ. ಬರೋಕ್ ಕಾಲದ ಪುಟವನ್ನು ತೆರೆದರೆ ಕಾಣುವುದು ಖಾಲಿ ಜಾಗ. ಕೆಳಸ್ಥಾಯಿಯ ಒಂದು ಸಾಲು, ಅದರ ಜೊತೆಗೆ ಕೆಲವು ಅಂಕಿಗಳು. ಆ ಅಂಕಿಗಳನ್ನು ಓದಿ ಹಾರ್ಪ್ಸಿಕಾರ್ಡ್ ಅಥವಾ ಲ್ಯೂಟ್ ನುಡಿಸುವವನು ಸ್ವರಗುಚ್ಛಗಳನ್ನು ಆಗಿಂದಾಗ ಹೆಣೆಯಬೇಕು. ಹಾಡುಗಾರನಿಗೆ ಮೊದಲ ಭಾಗ, ನಡುವಿನ ಭಾಗ, ಮತ್ತೆ ಮೊದಲ ಭಾಗ. ಮರಳಿ ಬಂದಾಗ ಅದನ್ನು ಹೊಸ ಅಲಂಕಾರಗಳಿಂದ ಬದಲಿಸಲಾರದವನು ಹಾಡುಗಾರನೇ ಅಲ್ಲ ಎಂಬ ಧಾಟಿಯಲ್ಲಿ ಗಾಯನ ಗುರು ಪಿಯರ್ ಫ್ರಾಂಚೆಸ್ಕೊ ತೋಸಿ 1723ರಲ್ಲಿ ಬರೆದ. ಯೋಹಾನ್ ಯೋಆಖಿಮ್ ಕ್ವಾಂಟ್ಸ್ 1752ರ ಕೊಳಲಿನ ಗ್ರಂಥದಲ್ಲಿ, ಒಂದು ಸರಳ ಸ್ವರಪಂಕ್ತಿಯನ್ನು ಎಷ್ಟು ಬಗೆಯಲ್ಲಿ ಬೆಳೆಸಬಹುದೆಂದು ಪಟ್ಟಿ ಹಾಕಿ ತೋರಿಸಿದ. ಅದೇ ಗ್ರಂಥದಲ್ಲಿ, ವೃಂದದ ನಡುವೆ ಕೂತವನು ಇಂಥ ಅಲಂಕಾರಕ್ಕೆ ಕೈಹಾಕಬಾರದೆಂದೂ ವಿಧಿಸಿದ. ಏಕವಾದಕನಿಗೆ ಸ್ವಾತಂತ್ರ್ಯ, ವೃಂದಕ್ಕೆ ಸಂಯಮ: ಇವೆರಡು ಬೇರೆಬೇರೆ ಧರ್ಮಗಳು. 1737ರಲ್ಲಿ ಯೋಹಾನ್ ಅಡಾಲ್ಫ್ ಷೈಬೆ ಎಂಬ ವಿಮರ್ಶಕ ಬಾಖ್‌ನನ್ನು ಆಕ್ಷೇಪಿಸಿದ ಕಾರಣಗಳಲ್ಲಿ ಒಂದು, ಚಿಕ್ಕಪುಟ್ಟ ಅಲಂಕಾರಗಳನ್ನೂ ಬಾಖ್ ಸ್ವರಗಳಲ್ಲೇ ಬರೆದಿಡುತ್ತಾನೆ ಎಂಬುದು. ವಾದಕನ ಪಾಲನ್ನು ಕಿತ್ತುಕೊಂಡನೆಂಬ ದೂರು ಅದು! ನಮ್ಮ ಕಚೇರಿಗಳ ಕೇಳುಗರಿಗೆ ಈ ಲೋಕ ಅಪರಿಚಿತವಲ್ಲ. ಅಚ್ಚಾದ ಸ್ವರಸಾಹಿತ್ಯವೇ ಕೃತಿಯಲ್ಲ, ಅದನ್ನು ಓದುವವನಿಗೆ ಗಮಕ ಗೊತ್ತಿರಬೇಕು, ಮನೋಧರ್ಮ ಬೇಕು ಎಂಬುದು ಇಲ್ಲಿ ನಿತ್ಯದ ಮಾತು. ಯುರೋಪಿನಲ್ಲಿ ಆ ತಿಳಿವಳಿಕೆ 19ನೇ ಶತಮಾನದಲ್ಲಿ ಸವೆದು, ಬರೆದ ಸ್ವರಕ್ಕೆ ಒಂದನ್ನೂ ಕೂಡಿಸದಿರುವುದೇ ನಿಷ್ಠೆ ಎಂಬ ನೀತಿ ಬಲಿಯಿತು. ಬರೋಕ್ ಕೃತಿಯ ಮಟ್ಟಿಗೆ ಆ ನಿಷ್ಠೆಯೇ ದ್ರೋಹ. ಪುಟವನ್ನು ಗೌರವಿಸುವವನು ಪುಟವನ್ನು ಮೀರಲೇಬೇಕು.

ಇಲ್ಲಿ ಚಳವಳಿಯ ಅತ್ಯಂತ ಹರಿತ ಟೀಕಾಕಾರರಾದ ರಿಚರ್ಡ್ ಟರುಸ್ಕಿನ್ ಅವರನ್ನು ಎದುರಿಸಬೇಕು. 1980ರ ದಶಕದಿಂದ ಬರೆದ ಪ್ರಬಂಧಗಳಲ್ಲಿ ಅವರು ವಾದಿಸಿದ್ದು: ನೀವು ಗತಕಾಲವೆಂದು ಮಾರುತ್ತಿರುವುದು 20ನೇ ಶತಮಾನದ ರುಚಿಯನ್ನೇ. ಚುರುಕು ನಡೆ, ತೆಳು ದನಿ, ಭಾವದ ಬಗ್ಗೆ ಸಂಕೋಚ, ಇವೆಲ್ಲ ಸ್ಟ್ರಾವಿನ್ಸ್ಕಿಯ ಕಾಲದವು. ಈ ಟೀಕೆಗೆ ಪುರಾವೆ ಹೇರಳ. ವಾದಕಿ ವಾಂಡಾ ಲ್ಯಾಂಡೋವ್ಸ್ಕಾ ಹಾರ್ಪ್ಸಿಕಾರ್ಡನ್ನು ಜಗತ್ತಿಗೆ ಮರಳಿ ಪರಿಚಯಿಸಿದ ವಾದ್ಯ 1912ರಲ್ಲಿ ಪ್ಲೆಯೆಲ್ ಕಂಪನಿ ಕಟ್ಟಿದ್ದು. ಅದರ ಮೈಕಟ್ಟು ಪಿಯಾನೊದಂತೆ ಭಾರ. ಇಂದಿನ ಬರೋಕ್ ವೃಂದಗಳ ಶ್ರುತಿ ಸಾಮಾನ್ಯವಾಗಿ 415 ಹರ್ಟ್ಸ್. ಹಳೆಯ ಯುರೋಪಿನಲ್ಲಿ ಊರಿಗೊಂದು ಶ್ರುತಿ ಇತ್ತು: ಫ್ರೆಂಚ್ ಶ್ರುತಿ ತೀರ ಕೆಳಗೆ, ವೆನಿಸ್ಸಿನದು ಇಂದಿನ 440ರ ಹತ್ತಿರ, ಲೈಪ್ಜಿಗ್ಗಿನ ಚರ್ಚಿನಲ್ಲಿ ಆರ್ಗನ್ನಿಗೆ ಒಂದು, ಉಳಿದ ವಾದ್ಯಗಳಿಗೆ ಇನ್ನೊಂದು. 415 ಎಲ್ಲರಿಗೂ ಒಪ್ಪಿತವಾದದ್ದು ಅದು 440ಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗಿರುವ ಅನುಕೂಲಕ್ಕೂ ಹೌದು. ‘ಹಳೆಯ’ ಟ್ರಂಪೆಟ್ಟುಗಳಲ್ಲಿ ಬಹಳಷ್ಟಕ್ಕೆ ಅಪಶ್ರುತಿ ತಿದ್ದುವ ಸಣ್ಣ ತೂತುಗಳಿವೆ. ಅವು 20ನೇ ಶತಮಾನದ ಉಪಾಯ. ಹ್ಯಾಂಡೆಲ್‌ನ ನಾಯಕಪಾತ್ರಗಳನ್ನು ಹಾಡಿದ ಬೀಜ ಒಡೆದ ಗಾಯಕರನ್ನು ಯಾರೂ ಮರಳಿ ತರಲಾರರು, ತರಲೂಬಾರದು. ಕೇಳುಗರ ಕಿವಿಯಂತೂ ವಾಗ್ನರ್‌ನನ್ನೂ ಸಿನಿಮಾವನ್ನೂ ಕೇಳಿದ ಕಿವಿ.

ಇದನ್ನೆಲ್ಲ ಒಪ್ಪಿದರೂ ಚಳವಳಿ ಕುಸಿಯುವುದಿಲ್ಲ. ಕುಸಿಯುವುದು ಅದರ ಬಾವುಟ. ಪುರಾವೆ ಗಟ್ಟಿಯಿರುವ ಕಡೆ ಅದು ನಿಜವಾಗಿ ಏನನ್ನೋ ಪತ್ತೆ ಮಾಡಿತು. ಬಾಖ್ ಪ್ಯಾಶನ್‌ನಲ್ಲಿ ಬಳಸುವ ಓಬೋ ದ ಕಾಚಾ ಹೇಗಿತ್ತೆಂಬ ಗೊಂದಲ, ಲೈಪ್ಜಿಗ್ಗಿನ ವಾದ್ಯ ತಯಾರಕ ಐಖೆನ್ಟಾಪ್ಫ್ 1724ರಲ್ಲಿ ಮಾಡಿದ ವಾದ್ಯಗಳನ್ನು ಸ್ಕ್ಯಾಂಡಿನೇವಿಯಾದ ವಸ್ತುಸಂಗ್ರಹಾಲಯಗಳಲ್ಲಿ ಗುರುತಿಸಿದ ಮೇಲೆ ಪರಿಹಾರವಾಯಿತು: ಬಾಗಿದ ಮರದ ಕೊಳವೆ, ಮೇಲೆ ತೊಗಲು, ತುದಿಯಲ್ಲಿ ಹಿತ್ತಾಳೆಯ ಬಾಯಿ. ಅದರ ಪ್ರತಿಗಳು ನುಡಿದಾಗ ಕೇಳಿಸಿದ ಬಣ್ಣ ಕ್ಲಾರಿನೆಟ್ಟಿನದಲ್ಲ. ಪುರಾವೆ ಸಾಲದ ಕಡೆ ಮಾತ್ರ ವಾದಕನೇ ತೀರ್ಮಾನಿಸಬೇಕಾಯಿತು. ಬಾಖ್‌ನ ಗಾಯನ ಮೇಳದಲ್ಲಿ ಒಂದೊಂದು ಪಾಲಿಗೆ ಸಾಮಾನ್ಯವಾಗಿ ಒಬ್ಬೊಬ್ಬನೇ ಹಾಡುತ್ತಿದ್ದ ಎಂದು ಸಂಗೀತ ವಿದ್ವಾಂಸ ಜೋಶುವಾ ರಿಫ್ಕಿನ್ 1981ರಲ್ಲಿ ಮಂಡಿಸಿದ ವಾದ ಇಂದಿಗೂ ವಿದ್ವಾಂಸರನ್ನು ಎರಡು ಪಂಗಡ ಮಾಡಿದೆ. ಎರಡೂ ಪಂಗಡದವರು ಓದುವುದು ಬಾಖ್‌ನ ಅದೇ 1730ರ ಮನವಿಯನ್ನು. ಇಂಥ ಕವಲಿನಲ್ಲಿ ನಿಂತು, ತನ್ನ ರುಚಿ ಮತ್ತು ವಿವೇಕದಿಂದ ಆರಿಸಿಕೊಳ್ಳುವ ವಾದಕ ಸೋತಿದ್ದಾನೆಯೇ? ಇಲ್ಲ, ತೋಸಿಯೂ ಕ್ವಾಂಟ್ಸನೂ ತಮ್ಮ ಶಿಷ್ಯರಿಂದ ಬಯಸಿದ್ದು ಅದನ್ನೇ. ಆಯ್ಕೆಯಲ್ಲಿ ಇಂದಿನ ರುಚಿ ಬೆರೆಯುತ್ತದೆ ಎಂಬುದು ಟೀಕೆಯಾಗಬೇಕಿಲ್ಲ. 18ನೇ ಶತಮಾನದ ವಾದಕನೂ ತನ್ನ ಕಾಲದ ರುಚಿಯಿಂದಲೇ ಅಲಂಕರಿಸಿದ್ದ.

ಇನ್ನೊಂದು ಆಕ್ಷೇಪ ಹೆಚ್ಚು ಸರಳ, ಹೆಚ್ಚು ಕಠಿಣ: ಮುಖ್ಯವಾದದ್ದು ಉಚ್ಚಾರ, ಅಲಂಕಾರ, ಹೊಣೆ ಎನ್ನುವುದಾದರೆ ಅವನ್ನು ಆಧುನಿಕ ವಾದ್ಯದಲ್ಲೇ ಸಾಧಿಸಬಹುದಲ್ಲ? ಸಾಧಿಸಬಹುದು, ಸಾಧಿಸಿಯೂ ಆಗಿದೆ. ಸ್ವತಃ ಹಾರ್ನೊನ್‌ಕೂರ್ 1975ರಿಂದ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ವಾದ್ಯವೃಂದವನ್ನು, ಅದರ ಆಧುನಿಕ ವಾದ್ಯಗಳನ್ನೇ ಇಟ್ಟುಕೊಂಡು, ಬಾಖ್ ಕೃತಿಗಳಲ್ಲಿ ನಡೆಸಿದರು. ಆದರೆ ಕ್ರಮ ಗಮನಿಸಬೇಕು. ಅವರು ಈ ಉಚ್ಚಾರವನ್ನು ಆಧುನಿಕ ವೃಂದಕ್ಕೆ ಹೇಳಿಕೊಡುವ ಮೊದಲು ಎರಡು ದಶಕ ಕರುಳಿನ ತಂತಿಯಿಂದ ಕಲಿತಿದ್ದರು. ಆಧುನಿಕ ಕಮಾನು ಏನು ಕೇಳಿದರೂ ಕೊಡುತ್ತದೆ, ಹಾಗಾಗಿ ಏನು ಕೇಳಬೇಕೆಂದು ಅದು ಹೇಳಿಕೊಡುವುದಿಲ್ಲ. ಹಳೆಯದು ಹಲವನ್ನು ನಿರಾಕರಿಸಿ, ಉಳಿದ ದಾರಿಯತ್ತ ಕೈಯನ್ನು ತಿರುಗಿಸುತ್ತದೆ. ಕಲಿತವನು ಮೇಷ್ಟ್ರ ಮನೆ ಬಿಟ್ಟು ಹೋಗಬಹುದು. ಅದರಿಂದ ಮೇಷ್ಟ್ರು ಬೇಕಿರಲಿಲ್ಲ ಎಂದಾಗುವುದಿಲ್ಲ. ಟ್ರಂಪೆಟ್ಟೂ ರೆಕಾರ್ಡರೂ ಸಮಸಮವಾಗಿ ಮಾತಾಡಬೇಕಾದಂಥ ಕಡೆಯಂತೂ ಶೈಲಿಯಿಂದಲೇ ತೂಕ ಸರಿಯಾಗದು, ವಾದ್ಯವೇ ಬೇಕು.

ಚಳವಳಿಗೆ ನಿಜವಾದ ಅಪಾಯ ಟೀಕಾಕಾರರಿಂದಲ್ಲ, ಅದನ್ನು ಬೆಳೆಸಿದ ಧ್ವನಿಮುದ್ರಣದಿಂದ. ಹಾರ್ನೊನ್‌ಕೂರ್ ಮತ್ತು ಹಾರ್ಪ್ಸಿಕಾರ್ಡ್ ವಾದಕ ಗುಸ್ತಾವ್ ಲಿಯೊನ್‌ಹಾರ್ಟ್ 1971ರಿಂದ ಸುಮಾರು ಎರಡು ದಶಕ ಹಂಚಿಕೊಂಡು ಮುಗಿಸಿದ ಬಾಖ್ ಕ್ಯಾಂಟಾಟಾ ಮಾಲಿಕೆಯ ಪೆಟ್ಟಿಗೆಗಳಲ್ಲಿ ತಟ್ಟೆಗಳ ಜೊತೆಗೆ ಸ್ವರಲಿಪಿಯನ್ನೂ ಇಟ್ಟು ಮಾರಿದರು. ಕೇಳುಗ ಪುಟವನ್ನೂ ದನಿಯನ್ನೂ ಒಟ್ಟಿಗೆ ಹಿಡಿದು, ಇವೆರಡರ ನಡುವೆ ಏನು ನಡೆಯಿತೆಂದು ತಾನೇ ನೋಡಬಹುದಿತ್ತು. ಆದರೆ ಮುದ್ರಿತ ತಟ್ಟೆಯ ಮೇಲೆ ಅಲಂಕಾರ ಸಾವಿರ ಸಲವೂ ಒಂದೇ. ಹೊಸ ತಲೆಮಾರು ಮರಳಿ ಬರುವ ಭಾಗಕ್ಕೆ ತೋಸಿಯ ಉಪದೇಶವನ್ನು ಬಿಟ್ಟು ಮೆಚ್ಚಿನ ಮುದ್ರಣದ ಅಲಂಕಾರವನ್ನೇ ಬಾಯಿಪಾಠ ಮಾಡಿದರೆ, ಕರುಳಿನ ತಂತಿ, ಚೂಪು ಕಮಾನು, 415ರ ಶ್ರುತಿ ಎಲ್ಲವೂ ಸರಿಯಿದ್ದೂ 19ನೇ ಶತಮಾನದ ಆ ನಿಷ್ಠೆಯೇ ಹಿಂಬಾಗಿಲಿನಿಂದ ಒಳಗೆ ಬಂದಂತೆ. ಹಳೆಯ ವಾದ್ಯಗಳ ವೃಂದವೊಂದರ ಮುಂದೆ ಏಕವಾದಕ ನಿಂತಾಗ ಕೇಳಬೇಕಾದ ಪ್ರಶ್ನೆ ಬಾಖ್‌ನ ಕಾಲದಲ್ಲಿ ಹೀಗೇ ಇತ್ತೇ ಎಂಬುದಲ್ಲ. ಅದೇ ಹಾಡನ್ನು ಎರಡು ಸಂಜೆ ಕೇಳಬೇಕು. ಎರಡನೆಯ ಸಂಜೆ ಮರಳಿ ಬಂದ ಮೊದಲ ಭಾಗ ಮೊದಲ ಸಂಜೆಯದಕ್ಕಿಂತ ಬೇರೆಯಾಗಿದ್ದರೆ, ಆ ವಾದ್ಯ ತನ್ನ ಪಾಠವನ್ನು ಕಲಿಸಿದೆ.