ಅರಬ್ಬಿ ಕುದುರೆ, ಹಳೇ ಬೆಂಜ್ ಮತ್ತು ಲಾಯದ ಖರ್ಚು

ಹತ್ತು ವರ್ಷ ಓಡಿದ ಜರ್ಮನ್ ಕಾರು ಇವತ್ತು ಒಂದು ಹೊಸ ಹ್ಯಾಚ್‌ಬ್ಯಾಕ್‌ನ ಬೆಲೆಗೆ ಸಿಗುತ್ತೆ. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್, 2007ರಲ್ಲಿ ಚೆನ್ನೈನಲ್ಲಿ ಬಿಎಂಡಬ್ಲ್ಯು ಜೋಡಣೆ ಶುರುವಾದ ಮೇಲೆ ಇಂಥ ಕಾರುಗಳು ದೇಶದಲ್ಲಿ ತುಂಬಿಕೊಂಡವು. ಮೊದಲ ಮಾಲೀಕರು ಹೊಸದಕ್ಕೆ ಹೋದ ಹಾಗೆ ಹಳೇವು ನಮ್ಮಂಥವರ ಕೈಗೆಟುಕುವ ಮಟ್ಟಕ್ಕೆ ಇಳಿದವು. ಬೆಂಗಳೂರಲ್ಲಿ ಐದಾರು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟವರಿಗೆ ಆಸೆ ಆಗದೆ ಇರುತ್ತಾ? ಆರು ಸಿಲಿಂಡರ್, ಟರ್ಬೊ, ಚರ್ಮದ ಸೀಟು. ರಾಣೆಬೆನ್ನೂರು ದಾಟಿದ ಮೇಲೆ ಖಾಲಿ ಹೆದ್ದಾರಿ. ಅದರಲ್ಲಿ ಊರಿಗೆ ಹೋಗಿ ಇಳಿಯೋ ಗತ್ತೇ ಬೇರೆ.

ತೊಡಕು ಇರೋದು ಒಂದೇ ಕಡೆ. ಕಾರಿನ ಬೆಲೆ ಇಳಿದಿದೆ, ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಐವತ್ತು ಲಕ್ಷದ ಕಾರನ್ನು ಹತ್ತು ಲಕ್ಷಕ್ಕೆ ಕೊಂಡರೂ ಕೆಟ್ಟಾಗ ಅದು ಐವತ್ತು ಲಕ್ಷದ ಕಾರಿನ ಹಾಗೇ ಬಿಲ್ಲು ಮಾಡುತ್ತೆ. ಕೊಳ್ಳುವ ಶಕ್ತಿ ಬೇರೆ, ಸಾಕುವ ಶಕ್ತಿ ಬೇರೆ. ಇದು ಹೊಸ ಮಾತೇನಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯವರಿಗೆ ಈ ಲೆಕ್ಕ ಎಂಟುನೂರು ವರ್ಷದಿಂದ ಗೊತ್ತು. ಆಗ ಕಾರು ಇರಲಿಲ್ಲ, ಕುದುರೆ ಇತ್ತು.

ಯುದ್ಧಕ್ಕೆ ಯೋಗ್ಯವಾದ ದೊಡ್ಡ ಕುದುರೆ ದಖನ್ನಿನ ಸೆಕೆಗೆ, ಇಲ್ಲಿಯ ಹುಲ್ಲಿಗೆ ಒಗ್ಗುತ್ತಿರಲಿಲ್ಲ. ನಾಡತಳಿ ಇದ್ದವು, ಆದರೆ ಅವು ಸಣ್ಣವು. ಹಾಗಾಗಿ ರಾಜರು ಅರಬ್‌ ದೇಶದಿಂದ, ಪರ್ಷಿಯಾದಿಂದ ಹಡಗಿನಲ್ಲಿ ತರಿಸುತ್ತಿದ್ದರು. ವಿಜಯನಗರದ ಕಾಲದಲ್ಲಿ ಆ ಹಡಗುಗಳು ಬಂದು ನಿಲ್ಲುತ್ತಿದ್ದ ದೊಡ್ಡ ರೇವುಗಳಲ್ಲಿ ಭಟ್ಕಳ, ಹೊನ್ನಾವರ ಸೇರಿದ್ದವು. ಭಟ್ಕಳದಲ್ಲಿ ಇಳಿದವರು ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ, ಬನವಾಸಿ ಮೇಲಿಂದ ಬಂಕಾಪುರಕ್ಕೆ ಬಂದು, ಅಲ್ಲಿಂದ ರಾಜಧಾನಿಗೆ ಹೋಗುತ್ತಿದ್ದರು. ಬಂಕಾಪುರ ಈಗ ಶಿಗ್ಗಾವಿ ತಾಲೂಕಿನಲ್ಲಿದೆ. ಬನವಾಸಿಗೂ ಬಂಕಾಪುರಕ್ಕೂ ನಕ್ಷೆಯ ಮೇಲೆ ಒಂದು ಗೆರೆ ಎಳೆದು ನೋಡಿ, ಹಾನಗಲ್ ನಡುವೆ ಬರುತ್ತೆ. ಅಂದರೆ ಆ ಕಾಲದ ಅತಿ ದುಬಾರಿ ಆಮದು ಸರಕು ನಡೆದು ಹೋಗುತ್ತಿದ್ದದ್ದು ನಮ್ಮ ಹೊಲಗಳ ಪಕ್ಕದಲ್ಲೇ.

ವಿಜಯನಗರಕ್ಕಿಂತ ಮೊದಲೂ ಇಲ್ಲಿ ಕುದುರೆಗೆ ಕೆಲಸ ಕಡಿಮೆ ಇರಲಿಲ್ಲ. ಶಾಸನಗಳಲ್ಲಿ ಪಾನುಂಗಲ್ ಎನಿಸಿಕೊಂಡ ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದ, ಬಂಕಾಪುರವನ್ನು ತನ್ನ ಎರಡನೇ ನೆಲೆ ಮಾಡಿಕೊಂಡ. 1196ರಲ್ಲಿ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮತ್ತೆ ಮುತ್ತಿಗೆ ಹಾಕಿದಾಗ ಮೊದಲು ಹಿಂದೆ ಸರಿಯಬೇಕಾಯಿತು. ಈ ಭಾಗದ ವೀರಗಲ್ಲುಗಳನ್ನು ನೋಡಿದರೆ ಕುದುರೆ ಏರಿದ ಸವಾರರು ಸಾಲುಸಾಲಾಗಿ ಸಿಗುತ್ತಾರೆ. ಸತ್ತ ವೀರನ ಹೆಸರು ಕಲ್ಲಿನ ಮೇಲಿದೆ. ಕುದುರೆಯ ಮೈ ತಿಕ್ಕಿದವನ, ಗೊರಸು ನೋಡಿದವನ ಹೆಸರು ಅಲ್ಲಿರುವುದಿಲ್ಲ.

ಆ ಹೆಸರಿಲ್ಲದ ಮನುಷ್ಯ ಇಲ್ಲದಿದ್ದರೆ ಏನಾಗುತ್ತೆ? 13ನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಅದನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಒಬ್ಬೊಬ್ಬ ಅರಸನೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನಂತೆ. ವರ್ಷ ಮುಗಿಯುವಷ್ಟರಲ್ಲಿ ನೂರು ಉಳಿದರೆ ಹೆಚ್ಚಂತೆ. ಕುದುರೆ ನೋಡಿಕೊಳ್ಳಲು ಬಲ್ಲವರು ಅಲ್ಲಿಲ್ಲ, ಬೇಯಿಸಿದ ಮಾಂಸ ಬೆರೆಸಿದ ಅನ್ನ ಹಾಕುತ್ತಾರೆ ಅನ್ನುವುದು ಅವನ ವಿವರಣೆ. ಅದಕ್ಕಿಂತ ಸ್ವಾರಸ್ಯದ ಮಾತು ಇನ್ನೊಂದು ಹೇಳುತ್ತಾನೆ. ಕುದುರೆ ಮಾರುವ ವ್ಯಾಪಾರಿಗಳು ಕುದುರೆ ವೈದ್ಯರು ಮಾತ್ರ ಆ ದೇಶಕ್ಕೆ ಹೋಗದಂತೆ ನೋಡಿಕೊಳ್ಳುತ್ತಿದ್ದರಂತೆ! ಕುದುರೆ ಬದುಕಿದರೆ ಮುಂದಿನ ವರ್ಷದ ವ್ಯಾಪಾರ ಕೆಡುತ್ತಲ್ಲ. ಲೆಕ್ಕದಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದು, ಮಾರುವವನ ಲಾಭ ಎಲ್ಲಿದೆ ಅನ್ನುವುದನ್ನು ಅವನು ಸರಿಯಾಗಿ ಹಿಡಿದಿದ್ದಾನೆ. ಬಿಡಿಭಾಗ, ಸ್ಕ್ಯಾನರ್ ಸಾಫ್ಟ್‌ವೇರ್, ರಿಪೇರಿ ಮಾಹಿತಿ ಎಲ್ಲವನ್ನೂ ಮುಷ್ಟಿಯಲ್ಲಿ ಇಟ್ಟುಕೊಳ್ಳುವ ಇವತ್ತಿನ ವ್ಯಾಪಾರವನ್ನು ಕಂಡವರಿಗೆ ಇದು ಹಳೇ ಕಥೆ ಅನ್ನಿಸಲಿಕ್ಕಿಲ್ಲ.

ವಿಜಯನಗರದವರು ಈ ಸಮಸ್ಯೆಗೆ ಹಣ ಸುರಿದರು. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಫರ್ನಾವ್ ನೂನಿಜ್ ಬರೆಯುತ್ತಾನೆ: ಸಾಳುವ ನರಸಿಂಹ ಹೊರಮುಜ್‌ನ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದ, ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ದುಡ್ಡೇ ಸಿಗುತ್ತಿತ್ತು. ವಿಜಯನಗರದ ಅರಸ ವರ್ಷಕ್ಕೆ ಹೊರಮುಜ್‌ನವು, ನಾಡತಳಿಯವು ಸೇರಿ 13,000 ಕುದುರೆ ಕೊಳ್ಳುತ್ತಿದ್ದ, ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದ ಅಂತಲೂ ಅವನೇ ಹೇಳುತ್ತಾನೆ. ಅರಸ ಕೊಟ್ಟ ಕುದುರೆಗೆ ಮುದ್ರೆ ಇರುತ್ತಿತ್ತು. ಅದು ಸತ್ತರೆ ಮುದ್ರೆ ಇರುವ ಚರ್ಮದ ತುಂಡು ಕತ್ತರಿಸಿ ಅಶ್ವಾಧಿಕಾರಿಗೆ ಒಪ್ಪಿಸಿ ಬದಲಿ ಕುದುರೆ ಪಡೆಯಬೇಕು. ನಾವು ವಾರಂಟಿ ಕ್ಲೇಮು ಅನ್ನುತ್ತೀವಲ್ಲ, ಹೆಚ್ಚುಕಡಿಮೆ ಅದೇ.

ಅದೇ ನೂನಿಜ್ ಇನ್ನೊಂದು ಲೆಕ್ಕವನ್ನೂ ಕೊಡುತ್ತಾನೆ. ಅರಮನೆಯಲ್ಲಿದ್ದ ಏಳುನೂರು ಚಿಲ್ಲರೆ ಕುದುರೆ, ನಾನೂರು ಚಿಲ್ಲರೆ ಆನೆ, ಅವುಗಳ ಆಳುಕಾಳು, ಇಷ್ಟಕ್ಕೆ ದಿನಕ್ಕೆ 2,000 ಚಿನ್ನದ ಪರ್ದಾವ್ ಖರ್ಚು. ಇದು ಕೊಳ್ಳುವ ಹಣ ಅಲ್ಲ, ಬರೀ ನಿತ್ಯದ ಖರ್ಚು. ದಿನಾ ಇಷ್ಟು ಕೊಡುವ ತಾಕತ್ತಿದ್ದ ಅರಸನಿಗೆ ಕುದುರೆ ಸತ್ತರೆ ಇನ್ನೊಂದು ಬರುತ್ತಿತ್ತು. ಸಾಮಾನ್ಯ ಸವಾರನ ಗತಿ?

ಅವನನ್ನು ಹುಡುಕಲು ಸವಣೂರಿಗೆ ಬರಬೇಕು. 1686ರಲ್ಲಿ ಬಿಜಾಪುರ ಮೊಘಲರಿಗೆ ಸೋತ ಮೇಲೆ ಬಂಕಾಪುರ ಸೀಮೆಯ ಜಹಗೀರು ಪಠಾಣ ಸರದಾರ ಅಬ್ದುಲ್ ರವೂಫ್ ಖಾನನ ಪಾಲಾಯಿತು. ಕ್ರಮೇಣ ನೆಲೆ ಸವಣೂರಿಗೆ ಬಂತು. 1948ರಲ್ಲಿ ವಿಲೀನ ಆಗುವವರೆಗೂ ಅದು ನವಾಬರ ಸಂಸ್ಥಾನ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿಗೆ ಮುತ್ತಿಗೆ ಹಾಕಿದ, ಅದಾದ ಮೇಲೆ ಹೈದರ್, ಟಿಪ್ಪು ಎಲ್ಲರ ಕುದುರೆಗಳೂ ಈ ಮಣ್ಣು ತುಳಿದವು. ಮರಾಠರ ದಂಡಿನಲ್ಲಿ ಸವಾರರು ಎರಡು ಬಗೆ. ಬಾರಗೀರ ಅಂದರೆ ಸರ್ಕಾರದ ಕುದುರೆ ಹತ್ತುವವನು. ಶಿಲೇದಾರ ಅಂದರೆ ಸ್ವಂತ ಕುದುರೆ, ಸ್ವಂತ ಆಯುಧ ತರುವವನು. ಶಿಲೇದಾರನಿಗೆ ಸಂಬಳ ಹೆಚ್ಚು, ಆದರೆ ಕುದುರೆ ಹೋದರೆ ಅವನ ಹೊಟ್ಟೆಪಾಡೇ ಹೋಯಿತು. ಅದಕ್ಕೇ ಶಿಲೇದಾರರು ಕುದುರೆ ಉಳಿಸಿಕೊಳ್ಳಲು ಯುದ್ಧದ ಬಿಸಿಯಿಂದ ದೂರ ನಿಲ್ಲುತ್ತಾರೆ ಅನ್ನುವ ದೂರು ಇತ್ತು. ಹೇಡಿತನ ಅನ್ನುವುದು ಸುಲಭ. ಅವನ ಕಡೆಯಿಂದ ನೋಡಿದರೆ ಅದು ಲೆಕ್ಕಾಚಾರ. ಕಂಪನಿ ಲೀಸಿನ ಕಾರು ಓಡಿಸುವವನು ಬಾರಗೀರ. ವಾರಂಟಿ ಮುಗಿದ ಹಳೇ ಆಡಿ ಕೊಂಡವನು ಶಿಲೇದಾರ. ಇಬ್ಬರೂ ಒಂದೇ ಥರ ಓಡಿಸಿದರೆ ಮುಳುಗುವವನು ಎರಡನೆಯವನು.

ಹಾಗಾದರೆ ಕೈಯಲ್ಲಿ ಕಡಿಮೆ ಹಣ ಇದ್ದವನು ಏನು ಮಾಡಬೇಕು? ಕನ್ನಡದವರು ಇದಕ್ಕೆ ಕಂಡುಕೊಂಡ ಉತ್ತರ ಪುಸ್ತಕ. ಹಾನಗಲ್ಲಿನ ಕದಂಬರಿಗೆ ಒಡೆಯರಾಗಿದ್ದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಕುದುರೆಗಳ ತಳಿ, ಲಕ್ಷಣ, ಪಳಗಿಸುವ ಬಗೆ ಬರೆದ. ಆದರೆ ಲಾಯದಲ್ಲಿ ಕೆಲಸ ಮಾಡುವವನ ಮಾತು ಕನ್ನಡ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. 17ನೇ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತ ಹಯಸಾರ ಸಮುಚ್ಚಯ ಬರೆದ. ಇವನ್ನು ಕಾವ್ಯ ಅಂತ ಓದಿದರೆ ಸಪ್ಪೆ ಅನ್ನಿಸೀತು, ಸರ್ವಿಸ್ ಮ್ಯಾನ್ಯುಯಲ್ ಅಂತ ನೋಡಿದರೆ ಬೆಲೆ ಗೊತ್ತಾಗುತ್ತೆ. ಶಾಸನಗಳಲ್ಲಿ ಬರುವ ‘ಸಾಹಣಿ’ ಅನ್ನುವ ಪದವಿಯೂ ಇದೇ ಲೋಕದ್ದು: ಕುದುರೆಪಡೆಯ, ಲಾಯದ ಜವಾಬ್ದಾರಿ ಹೊತ್ತ ಅಧಿಕಾರಿ. ಕುದುರೆ ಕೊಂಡವನಿಗಿಂತ ಸಾಹಣಿ ಸರಿಯಾಗಿದ್ದರೆ ದಂಡು ಉಳಿಯುತ್ತಿತ್ತು.

ಈ ಶಿಸ್ತು ಇಂದಿಗೂ ಜೀವಂತ ಇರುವುದನ್ನು ನೋಡಬೇಕೆಂದರೆ ದೀಪಾವಳಿ ಆದ ಮೇಲೆ ಹಿರೇಕೆರೂರು, ಹಾನಗಲ್ ಕಡೆ ಹೋಗಿ. ಕೊಬ್ಬರಿ ಹೋರಿ ಹಬ್ಬದಲ್ಲಿ ಓಡುವ ಹೋರಿಗೆ ಕೊರಳ ತುಂಬ ಒಣಕೊಬ್ಬರಿ ಸರ. ಅದು ಮೈಮೇಲೆ ಕೈ ಹಾಕಿಸಿಕೊಳ್ಳದೆ ಪಾರಾದರೆ ಮಾಲೀಕನ ಮೀಸೆ ಮೇಲೆ. ಓಟ ನೋಡುವುದು ಕೆಲವು ಕ್ಷಣ. ಅದಕ್ಕಾಗಿ ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿ, ಕೆರೆಯಲ್ಲಿ ಈಜು, ಗೊರಸಿನ ಮೇಲೆ ಕಣ್ಣು. ಹೋರಿ ಕೊಳ್ಳುವಾಗ ಮಾರುವವನ ಮಾತು ಯಾರೂ ಕೇಳುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ.

ಕಾರಿಗೂ ಹಲ್ಲು ಇವೆ. ಮೀಟರ್ ತಿರುಗಿಸಬಹುದು, ಹಲ್ಲು ತಿರುಗಿಸುವುದು ಕಷ್ಟ. ಟೈರಿನ ಬದಿಯ ನಾಲ್ಕಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟಿಯರಿಂಗ್, ಬ್ರೇಕ್ ಪೆಡಲ್, ಚಾಲಕನ ಸೀಟಿನ ಅಂಚು ಎಷ್ಟು ಸವೆದಿವೆ ನೋಡಿ, ಮೀಟರಿನ ಅಂಕಿ ಅದಕ್ಕೆ ಹೊಂದುತ್ತಾ ಕೇಳಿಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಮೊದಲ ಸಲ ಸ್ಟಾರ್ಟ್ ಮಾಡಿಸಿ, ಟೈಮಿಂಗ್ ಚೈನ್ ಸಡಿಲ ಆಗಿದ್ದರೆ ಆಗ ಸದ್ದು ಮಾಡುತ್ತೆ. ಮಾಲೀಕ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ.

ಕೊಂಡ ಮೇಲೆ ಲಾಯದ ಕೆಲಸ. ಹಳೇ ಜರ್ಮನ್ ಕಾರಿನಲ್ಲಿ ವಯಸ್ಸಾಗುವುದು ಕಬ್ಬಿಣಕ್ಕಿಂತ ಮೊದಲು ಪ್ಲಾಸ್ಟಿಕ್ಕಿಗೆ, ರಬ್ಬರಿಗೆ. ಕೂಲಂಟ್ ಹರಿಯುವ ಪ್ಲಾಸ್ಟಿಕ್ ಜೋಡಣೆಗಳು ಬಿಸಿಗೆ ಒಣಗಿ ಬಿರುಕು ಬಿಡುತ್ತವೆ. ನೀರು ಸೋರಿ ಇಂಜಿನ್ ಕಾದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತೆ. ಒಂದು ಸಣ್ಣ ಪೈಪು ಉಳಿಸಲು ಹೋಗಿ ಇಂಜಿನ್ನೇ ಕಳಕೊಂಡ ಕಥೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತೆ. ವಾಟರ್ ಪಂಪು, ಥರ್ಮೋಸ್ಟ್ಯಾಟು, ಪೈಪುಗಳನ್ನು ಕೆಡುವ ಮೊದಲೇ ಒಟ್ಟಿಗೆ ಬದಲಿಸುವುದು ಲೇಸು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಕಾರು ಓಡಿರಲಿ ಬಿಡಲಿ. ಗೇರ್‌ಬಾಕ್ಸಿನದು ‘ಲೈಫ್‌ಟೈಮ್ ಆಯಿಲ್’ ಅಂತ ಯಾರಾದರೂ ಹೇಳಿದರೆ ಯಾರ ಲೈಫು ಅಂತ ಕೇಳಿ. ಬಿಎಂಡಬ್ಲ್ಯುಗಳಲ್ಲಿ ಬರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷದೊಳಗೆ ಬದಲಿಸಿ ಅನ್ನುತ್ತೆ. ಕಾರಿನ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷದ ಕೆಲಸಕ್ಕೆ ಅಂತ ಮೊದಲೇ ಎತ್ತಿಡುವುದು ನನ್ನ ಲೆಕ್ಕ. ಅಷ್ಟು ಎತ್ತಿಡಲು ಆಗದಿದ್ದರೆ ಆ ಕಾರು ನಮ್ಮ ಶಕ್ತಿಗೆ ಮೀರಿದ್ದು, ಅದರ ಬೆಲೆ ಎಷ್ಟೇ ಇರಲಿ.

ಇಷ್ಟೆಲ್ಲ ಯಾಕೆ? ಇಂಥ ಕಾರು ಕೆಟ್ಟರೆ ಬೆಂಗಳೂರಲ್ಲಿ ಕ್ಯಾಬ್ ಸಿಗುತ್ತೆ. ಹಾನಗಲ್ಲಿನಲ್ಲಿ ಅಪ್ಪನಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದು ಹುಬ್ಬಳ್ಳಿಗೆ ಹೊರಡಬೇಕಾದಾಗ ಆರು ಸಿಲಿಂಡರ್ ಗತ್ತು ಯಾರಿಗೂ ಬೇಡ, ಕಾರು ಸ್ಟಾರ್ಟ್ ಆಗಬೇಕು, ಬಂಕಾಪುರದ ಹತ್ತಿರ ನಿಲ್ಲಬಾರದು. ಚೆನ್ನಾಗಿ ಸಾಕಿದ ಹಳೇ ಬೆಂಜ್ ಈ ಪರೀಕ್ಷೆ ಖಂಡಿತ ಪಾಸಾಗುತ್ತೆ. ಸಾಕದ ಹೊಸ ಕಾರಿನ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ.

ಆದ್ದರಿಂದ ಕಾರು ಹುಡುಕುವ ಮೊದಲು ಸಾಹಣಿಯನ್ನು ಹುಡುಕಿ. ಆ ಮಾಡೆಲ್ ಬಲ್ಲ ಸ್ವತಂತ್ರ ಮೆಕ್ಯಾನಿಕ್ ಒಬ್ಬ, ಸ್ವಂತ ಸ್ಕ್ಯಾನರ್ ಇರುವವನು, ಬೆಂಗಳೂರಲ್ಲಿ ಒಬ್ಬ, ಹುಬ್ಬಳ್ಳಿ ಕಡೆ ಒಬ್ಬ. ಅವನಿಗೆ ಫೀಸು ಕೊಟ್ಟು ಕೊಳ್ಳುವ ಮುಂಚೆ ಕಾರು ತೋರಿಸಿ. ಮಾರುವವನ ಹತ್ತಿರ ಕೀ ಕೇಳುವ ಮೊದಲು ಬಿಲ್ಲುಗಳ ಫೈಲು ಕೇಳಿ. ದಪ್ಪ ಫೈಲು ತಂದುಕೊಟ್ಟರೆ ಕೂತು ಓದಿ. ಫೈಲೇ ಇಲ್ಲ ಅಂದರೆ ಟೀ ಕುಡಿದು ಎದ್ದು ಬನ್ನಿ.