ಕ್ಷಮಿಸಲೇಬೇಕೆಂಬ ಒತ್ತಾಯವಿಲ್ಲದ ವೇದಿಕೆ

2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಎಲ್ಲೆಲ್ಲೂ ಸೇಡಿನ ಮಾತು, ಪಾಠ ಕಲಿಸುವ ಮಾತು. ಅದನ್ನು ಕೇಳಿ ಕೇಳಿ ರೋಸಿಹೋದ ಲಂಡನ್ನಿನ ಪತ್ರಕರ್ತೆ ಮರೀನಾ ಕಾಂಟಕುಝೀನೊ, ತಮ್ಮವರನ್ನು ಹಿಂಸೆಗೆ ಕಳೆದುಕೊಂಡರೂ ಸೇಡಿಗೆ ಇಳಿಯದವರನ್ನು ಹುಡುಕಿಕೊಂಡು ಹೊರಟರು. ಹಿಂಸೆ ಎಸಗಿ ಆಮೇಲೆ ಆ ದಾರಿ ಬಿಟ್ಟವರನ್ನೂ ಮಾತಾಡಿಸಿದರು. ಅವರೆಲ್ಲರ ಭಾವಚಿತ್ರಗಳನ್ನು ತೆಗೆದವರು ಛಾಯಾಗ್ರಾಹಕ ಬ್ರಯಾನ್ ಮೂಡಿ. 2004ರ ಜನವರಿಯಲ್ಲಿ ಥೇಮ್ಸ್ ದಂಡೆಯ ಆಕ್ಸೊ ಗ್ಯಾಲರಿಯಲ್ಲಿ ಈ ಚಿತ್ರಗಳು ಮತ್ತು ಕಥೆಗಳು ‘ದಿ ಎಫ್ ವರ್ಡ್’ (ಎಫ್ ಎಂದರೆ ಫರ್ಗಿವ್‌ನೆಸ್, ಕ್ಷಮೆ) ಹೆಸರಿನಲ್ಲಿ ಪ್ರದರ್ಶನಗೊಂಡವು. ಅದೇ ವರ್ಷ ‘ದಿ ಫರ್ಗಿವ್‌ನೆಸ್ ಪ್ರಾಜೆಕ್ಟ್’ ಎಂಬ ದತ್ತಿ ಸಂಸ್ಥೆ ಹುಟ್ಟಿತು. ಬಾಡಿ ಶಾಪ್ ಸ್ಥಾಪಕಿ ಅನಿತಾ ರಾಡಿಕ್ ಮತ್ತು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಬೆನ್ನಿಗೆ ನಿಂತರು. ಆದರೆ ಸಂಸ್ಥೆ ಯಾವ ಧರ್ಮಕ್ಕೂ ಅಂಟಿಕೊಳ್ಳಲಿಲ್ಲ.

ಮೊದಲ ಪ್ರದರ್ಶನದ ಕಥೆಗಳಲ್ಲಿ ಒಂದು ದಕ್ಷಿಣ ಆಫ್ರಿಕದ್ದು. 1993ರ ಆಗಸ್ಟ್‌ನಲ್ಲಿ ಕೇಪ್ ಟೌನ್ ಹತ್ತಿರದ ಗುಗುಲೇತುವಿನಲ್ಲಿ ಅಮೆರಿಕದ ವಿದ್ಯಾರ್ಥಿನಿ ಏಮಿ ಬೀಲ್ ಅವರನ್ನು ಗುಂಪೊಂದು ಕೊಂದಿತು. ವರ್ಣಭೇದ ಕಾಲದ ಹಿಂಸೆಯನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಅಪರಾಧಿಗಳು ಕ್ಷಮಾದಾನ ಕೇಳಿದಾಗ ಏಮಿಯ ತಂದೆತಾಯಿ ಅಡ್ಡ ಬರಲಿಲ್ಲ. 1998ರಲ್ಲಿ ಬಿಡುಗಡೆಯಾದ ನಾಲ್ವರಲ್ಲಿ ಇಬ್ಬರು ಮುಂದೆ ಏಮಿಯ ಹೆಸರಿನ ಪ್ರತಿಷ್ಠಾನದಲ್ಲೇ ಕೆಲಸಕ್ಕೆ ಸೇರಿದರು.

ಸಂಸ್ಥೆಯ ವೇದಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಇಂಗ್ಲೆಂಡಿನ ಬ್ರೈಟನ್ ಬಾಂಬ್ ಪ್ರಕರಣ. 1984ರ ಅಕ್ಟೋಬರ್ 12ರ ನಸುಕಿನಲ್ಲಿ, ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಪಕ್ಷದ ಸಮ್ಮೇಳನಕ್ಕೆಂದು ತಂಗಿದ್ದ ಗ್ರ್ಯಾಂಡ್ ಹೋಟೆಲಿನಲ್ಲಿ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟಿದ್ದ ಬಾಂಬ್ ಸಿಡಿದು ಐವರು ಸತ್ತರು. ಅವರಲ್ಲಿ ಒಬ್ಬರು ಸಂಸದ ಸರ್ ಆಂಟನಿ ಬೆರಿ. ಬಾಂಬ್ ಇಟ್ಟ ಪ್ಯಾಟ್ರಿಕ್ ಮಗೀ ಜೀವಾವಧಿ ಶಿಕ್ಷೆಗೆ ಗುರಿಯಾಗಿ, ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ 1999ರಲ್ಲಿ ಹೊರಬಂದರು. ಮರುವರ್ಷ ನವೆಂಬರ್‌ನಲ್ಲಿ ಆಂಟನಿಯವರ ಮಗಳು ಜೋ ಬೆರಿ ಡಬ್ಲಿನ್ನಿನ ಒಂದು ಮನೆಯಲ್ಲಿ ಅವರನ್ನು ಎದುರುಗೊಂಡರು. ಮಗೀ ಮೊದಮೊದಲು ತಮ್ಮ ರಾಜಕೀಯ ನಿಲುವನ್ನೇ ಸಮರ್ಥಿಸುತ್ತಾ ಹೋದರು. ಜೋ ಜಗಳಕ್ಕೆ ನಿಲ್ಲದೆ ಕೇಳಿಸಿಕೊಂಡರು. ಒಂದು ಹಂತದಲ್ಲಿ ಮಗೀ ಮಾತು ನಿಲ್ಲಿಸಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಇನ್ನು ನಿಮ್ಮ ಸಿಟ್ಟು, ನಿಮ್ಮ ನೋವು ಕೇಳಬೇಕು ಎಂದರಂತೆ. ಅಲ್ಲಿಂದಾಚೆ ಇಬ್ಬರೂ ಶಾಲೆ, ಜೈಲು, ಸಭೆಗಳಲ್ಲಿ ಜೊತೆಯಾಗಿ ಮಾತಾಡುತ್ತಾ ಬಂದಿದ್ದಾರೆ. ಆದರೂ ತಾನು ಕ್ಷಮಿಸಿಬಿಟ್ಟೆ ಎನ್ನಲು ಜೋ ಹಿಂಜರಿಯುತ್ತಾರೆ. ಆ ಮಾತಿನಲ್ಲಿ ‘ನಾನು ಮೇಲೆ, ನೀನು ಕೆಳಗೆ’ ಎಂಬ ಭಾವ ಬಂದುಬಿಡುತ್ತದೆ ಎನ್ನುವುದು ಅವರ ಅಳುಕು.

ಜೋ ಮತ್ತು ಮಗೀ ಅವರ ಈ ಒಡನಾಟವನ್ನು ಎಲ್ಲರೂ ಮೆಚ್ಚಿಕೊಂಡಿಲ್ಲ. ಅದೇ ಸ್ಫೋಟದಲ್ಲಿ ಗಾಯಗೊಂಡ ಸಚಿವ ನಾರ್ಮನ್ ಟೆಬಿಟ್ ಅವರ ಹೆಂಡತಿ ಜೀವನಪೂರ್ತಿ ಗಾಲಿಕುರ್ಚಿಯಲ್ಲೇ ಉಳಿಯಬೇಕಾಯಿತು. ಪಶ್ಚಾತ್ತಾಪವಿಲ್ಲದವನಿಗೆ ಕ್ಷಮೆ ಏಕೆ ಎಂದು ಕೇಳಿದ ಟೆಬಿಟ್ ಕೊನೆಯವರೆಗೂ ಪಟ್ಟು ಸಡಿಲಿಸಲಿಲ್ಲ. ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕ್ಷಮೆಯನ್ನು ಯಾರ ಮೇಲೂ ಹೇರಕೂಡದು, ಕ್ಷಮಿಸದವರನ್ನು ಕೀಳಾಗಿ ನೋಡಕೂಡದು ಎಂಬುದು ಸಂಸ್ಥೆಯ ನಿಲುವೂ ಹೌದು. ಹಾಗಾಗಿಯೇ ಅದು ಉಪದೇಶದ ಗೊಡವೆಗೆ ಹೋಗದೆ ಕಥೆಗಳನ್ನು ಜನರ ಮುಂದಿಟ್ಟು, ವಾದಕ್ಕೆ ಬಾಗಿಲು ತೆರೆದಿಡುತ್ತದೆ. 2010ರಲ್ಲಿ ಟುಟು ಅವರಿಂದ ಶುರುವಾದ ವಾರ್ಷಿಕ ಉಪನ್ಯಾಸದ ವಿಷಯ ಕೂಡ, ಹಿಂಸೆ ಎಂದಾದರೂ ಸಮರ್ಥನೀಯವೇ ಎಂಬ ಪ್ರಶ್ನೆಯಾಗಿತ್ತು.

ಹೆಚ್ಚು ಸದ್ದಿಲ್ಲದೆ ನಡೆಯುವ ಕೆಲಸ ಜೈಲುಗಳಲ್ಲಿದೆ. ‘ರಿಸ್ಟೋರ್’ ಶಿಬಿರದಲ್ಲಿ ಅಪರಾಧಕ್ಕೆ ತುತ್ತಾದವರೂ ಹಿಂದೆ ಅಪರಾಧ ಮಾಡಿದ್ದವರೂ ಕೈದಿಗಳ ಜೊತೆ ಕೂತು ತಮ್ಮ ಕಥೆ ಹೇಳುತ್ತಾರೆ. ಆಮೇಲೆ ಕೈದಿಗಳ ಸರದಿ. ತನ್ನಂಥವನೊಬ್ಬ ನುಗ್ಗಿದ ಮನೆಯಲ್ಲಿ ಆಮೇಲೆ ಏನಾಯಿತು ಎಂದು ಎಷ್ಟೋ ಮಂದಿ ಕೇಳಿಸಿಕೊಳ್ಳುವುದು ಅಲ್ಲೇ ಮೊದಲು. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ವಿಚಾರಿಸುವವರು ವಕೀಲರು, ಶಿಕ್ಷೆ ವಿಧಿಸುವವರು ನ್ಯಾಯಾಧೀಶರು. ನೊಂದವರು ನೋಯಿಸಿದವರನ್ನು ನೇರವಾಗಿ ‘ಯಾಕೆ ಮಾಡಿದೆ?’ ಎಂದು ಕೇಳಲು ಅಲ್ಲಿ ಅವಕಾಶ ಕಡಿಮೆ. 2024ರಲ್ಲಿ 20 ವರ್ಷ ತುಂಬಿದ ಈ ಸಂಸ್ಥೆ ಆ ಪ್ರಶ್ನೆ ಕೇಳುವುದಕ್ಕೆ ಜಾಗ ಮಾಡಿಕೊಟ್ಟಿದೆ. ಉತ್ತರ ಕೇಳಿದ ಮೇಲೆ ಕ್ಷಮಿಸುವುದೂ ಬಿಡುವುದೂ ಕೇಳಿದವರಿಗೇ ಬಿಟ್ಟದ್ದು.